ಏರ್ ಡೆಕ್ಕನ್: ಹುಟ್ಟು, ಹಾದಿ, ಹಾರಿದ ಊರುಗಳು – ಪದೇ ಪದೇ ಕೇಳುವ ಪ್ರಶ್ನೆಗಳು

ಏರ್ ಡೆಕ್ಕನ್ ಬಗ್ಗೆ ಮಾತು ಬಂದ ಕೂಡಲೇ ಜನ ಕೇಳುವುದು ಒಂದು ರೂಪಾಯಿ ಟಿಕೆಟ್ ವಿಷಯ. ಅದೂ ಇಲ್ಲಿದೆ. ಆದರೆ ನನ್ನ ಮಟ್ಟಿಗೆ ಆ ಕಂಪನಿ ಮಾಡಿದ ದೊಡ್ಡ ಕೆಲಸ ಟಿಕೆಟ್ ದರದ್ದಲ್ಲ, ನಕ್ಷೆಯದ್ದು. ಎಷ್ಟೋ ಊರುಗಳಲ್ಲಿ ರನ್‌ವೇ ಇತ್ತು, ವಿಮಾನ ಇರಲಿಲ್ಲ. ಅಂಥ ಊರುಗಳನ್ನು ಹುಡುಕಿ ಹುಡುಕಿ ಗೆರೆ ಎಳೆದದ್ದು ಡೆಕ್ಕನ್. ಆ ದಿನಗಳನ್ನು ನೋಡದವರೂ ಈಗ ತುಂಬಾ ಜನ ಇದ್ದಾರೆ. ಹಾಗಾಗಿ ಮೊದಲಿಂದಲೇ ಶುರು ಮಾಡುತ್ತೇನೆ.

ಏರ್ ಡೆಕ್ಕನ್ ಅಂದರೆ ಏನು? ಈಗಲೂ ಇದೆಯಾ?

ಭಾರತದ ಮೊದಲ ಅಗ್ಗದ ದರದ ವಿಮಾನ ಸಂಸ್ಥೆ. ಬೆಂಗಳೂರಿನಲ್ಲಿ ಹುಟ್ಟಿದ್ದು. 2003ರ ಆಗಸ್ಟ್‌ನಲ್ಲಿ ಹಾರಾಟ ಶುರು ಮಾಡಿತು. 2007ರಲ್ಲಿ ಬೇರೆಯವರ ಕೈಗೆ ಹೋಗಿ, 2008ರಲ್ಲಿ ಡೆಕ್ಕನ್ ಎಂಬ ಹೆಸರನ್ನೇ ಕಳೆದುಕೊಂಡಿತು. ಅದೇ ಹೆಸರು 2017ರ ಕೊನೆಗೆ ಚಿಕ್ಕ ರೂಪದಲ್ಲಿ ವಾಪಸ್ ಬಂದು, 2020ರಲ್ಲಿ ಕೊರೊನಾ ಹೊಡೆತಕ್ಕೆ ನಿಂತಿತು. ಅಂದರೆ ಎಲ್ಲರ ನೆನಪಿನಲ್ಲಿರುವ ಡೆಕ್ಕನ್ ತನ್ನ ಹೆಸರಿನಲ್ಲಿ ಬದುಕಿದ್ದು ಐದು ವರ್ಷ, ಅಷ್ಟೇ.

ಯಾರು ಶುರು ಮಾಡಿದ್ದು?

ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. ಹುಟ್ಟಿದ್ದು ಮೇಲುಕೋಟೆ, ಬೆಳೆದದ್ದು ಹಾಸನ ಜಿಲ್ಲೆಯ ಗೊರೂರು. ತಂದೆ ಮೇಷ್ಟ್ರು. ಬಿಜಾಪುರದ ಸೈನಿಕ ಶಾಲೆಯಲ್ಲಿ ಓದಿ, ಸೈನ್ಯ ಸೇರಿ, 1971ರ ಯುದ್ಧವನ್ನೂ ಕಂಡರು. ಎಂಟು ವರ್ಷದ ನಂತರ ಸೈನ್ಯ ಬಿಟ್ಟು ಊರಿಗೆ ಬಂದರು.

ಹೇಮಾವತಿ ಅಣೆಕಟ್ಟಿನ ನೀರಲ್ಲಿ ಮನೆತನದ ಜಮೀನು ಮುಳುಗಿತ್ತು. ಅದಕ್ಕೆ ಬದಲಾಗಿ ಜಾವಗಲ್ ಹತ್ತಿರ ಒಣ ಭೂಮಿ ಸಿಕ್ಕಿತ್ತು. ಅಲ್ಲೇ ಗುಡಾರ ಹಾಕಿಕೊಂಡು ಬೇಸಾಯಕ್ಕಿಳಿದರು. ರೇಷ್ಮೆ ಬೆಳೆದರು. ಪರಿಸರಕ್ಕೆ ಒಗ್ಗುವ ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿಯೂ ಬಂತು. ನಡುವೆ ಹಾಸನದಲ್ಲಿ ಹೋಟೆಲ್ ಇಟ್ಟರು, ಎನ್‌ಫೀಲ್ಡ್ ಬೈಕ್ ಡೀಲರ್ ಆದರು. ವಿಮಾನ ಬಂದದ್ದು ಇದೆಲ್ಲ ಆದ ಮೇಲೆ.

ಕ್ಯಾಪ್ಟನ್ ಅಂದರೆ ಅವರು ಪೈಲಟ್ ಆಗಿದ್ದರಾ?

ಇಲ್ಲ. ಅದು ಸೈನ್ಯದ ಹುದ್ದೆ. ಈ ತಪ್ಪು ತುಂಬಾ ಜನ ಮಾಡುತ್ತಾರೆ. ಹಾರಿಸುವ ಕೆಲಸ ಗೊತ್ತಿದ್ದವರು ಅವರ ಸೈನ್ಯದ ಗೆಳೆಯ ಕ್ಯಾಪ್ಟನ್ ಕೆ.ಜೆ. ಸ್ಯಾಮುಯೆಲ್. ಅವರು ಸೈನ್ಯದಲ್ಲಿ ಹೆಲಿಕಾಪ್ಟರ್ ಪೈಲಟ್ ಆಗಿದ್ದವರು. ಇಬ್ಬರೂ ಸೇರಿ ಕಟ್ಟಿದ್ದೇ ಡೆಕ್ಕನ್ ಏವಿಯೇಷನ್. 1997ರಲ್ಲಿ ಅದು ಕೆಲಸ ಶುರು ಮಾಡಿದಾಗ ಇದ್ದದ್ದು ಬಾಡಿಗೆಗೆ ಬಿಡುವ ಹೆಲಿಕಾಪ್ಟರ್.

ಹೆಲಿಕಾಪ್ಟರ್ ಕಂಪನಿ ವಿಮಾನಕ್ಕೆ ಯಾಕೆ ಕೈ ಹಾಕಿತು?

ಗೋಪಿನಾಥ್ ಇದರ ಬಗ್ಗೆ ಹಲವು ಕಡೆ ಹೇಳಿಕೊಂಡಿದ್ದಾರೆ. ಹೆಲಿಕಾಪ್ಟರಿನಲ್ಲಿ ಕೆಳಮಟ್ಟದಲ್ಲಿ ಹೋಗುವಾಗ ಹಳ್ಳಿ ಮನೆಗಳ ಮೇಲೆ ಟಿವಿ ಆಂಟೆನಾ, ಡಿಶ್ ಕಾಣುತ್ತಿದ್ದವಂತೆ. ಇಲ್ಲಿ ಖರ್ಚು ಮಾಡಬಲ್ಲ ಜನ ಇದ್ದಾರೆ, ಅವರಿಗೆ ಏನನ್ನು ಯಾವ ಬೆಲೆಗೆ ಕೊಡುತ್ತೀವಿ ಅನ್ನುವುದು ಮುಖ್ಯ ಅಂತ ಅವರಿಗೆ ಆಗಲೇ ಹೊಳೆದಿತ್ತು. ಆಮೇಲೆ ಅಮೆರಿಕದ ಫೀನಿಕ್ಸ್ ಊರಿನ ವಿಮಾನ ನಿಲ್ದಾಣ ನೋಡಿದರು. ಮರುಭೂಮಿ ನಡುವಿನ ಆ ಒಂದು ನಿಲ್ದಾಣದಲ್ಲಿದ್ದ ಓಡಾಟ ನಮ್ಮ ದೇಶದ ನಿಲ್ದಾಣಗಳೆಲ್ಲ ಸೇರಿದರೂ ಇಲ್ಲ ಎಂದು ತಿಳಿದು ಬೆರಗಾದರಂತೆ.

ಅಗ್ಗದ ವಿಮಾನದ ಲೆಕ್ಕಾಚಾರ ಹೊಸದೇನಲ್ಲ. ಅಮೆರಿಕದ ಸೌತ್‌ವೆಸ್ಟ್ 1971ರಲ್ಲೇ ಟೆಕ್ಸಸ್ಸಿನ ಮೂರು ಊರುಗಳ ನಡುವೆ ಇದನ್ನು ಮಾಡಿ ತೋರಿಸಿತ್ತು. ಯೂರೋಪಿನಲ್ಲಿ ರಯಾನ್‌ಏರ್ ಮತ್ತು ಈಸಿಜೆಟ್, ಮಲೇಷ್ಯಾದಲ್ಲಿ ಏರ್‌ಏಷ್ಯಾ ಅದೇ ದಾರಿ ಹಿಡಿದಿದ್ದವು. ಹೊಸದಾಗಿದ್ದದ್ದು ಅದನ್ನು ಹುಬ್ಬಳ್ಳಿ, ವಿಜಯವಾಡದಂಥ ಊರುಗಳಿಂದ ಶುರು ಮಾಡುವ ಯೋಚನೆ. ಆಗ ಬೇರೆ ಸಂಸ್ಥೆಗಳ ಕಣ್ಣೆಲ್ಲ ಮುಂಬೈ–ದೆಹಲಿ ಮೇಲಿತ್ತು.

ಮೊದಲ ಹಾರಾಟ ಎಲ್ಲಿಂದ ಎಲ್ಲಿಗೆ?

ಬೆಂಗಳೂರು–ಹುಬ್ಬಳ್ಳಿ ನಡುವೆ. ಆಗ ಬೆಂಗಳೂರಿನ ನಿಲ್ದಾಣ ದೇವನಹಳ್ಳಿಯಲ್ಲಿ ಇರಲಿಲ್ಲ, ಹೆಚ್.ಎ.ಎಲ್. ನಿಲ್ದಾಣವೇ ಎಲ್ಲದಕ್ಕೂ ಗತಿ. ಹುಬ್ಬಳ್ಳಿಯಲ್ಲಿ ಗೋಕುಲ ರಸ್ತೆಯ ಚಿಕ್ಕ ನಿಲ್ದಾಣ. ರಾತ್ರಿ ಬಸ್ಸಿನಲ್ಲೋ ರೈಲಿನಲ್ಲೋ ಕೂತು ಬೆಳಿಗ್ಗೆ ತಲುಪುತ್ತಿದ್ದ ದಾರಿ ಒಂದು ಗಂಟೆ ಚಿಲ್ಲರೆಗೆ ಇಳಿಯಿತು. ಉತ್ತರ ಕರ್ನಾಟಕದವರಿಗೆ ಹೈಕೋರ್ಟು, ವಿಧಾನಸೌಧ, ದೊಡ್ಡಾಸ್ಪತ್ರೆ ಎಲ್ಲಕ್ಕೂ ಬೆಂಗಳೂರಿಗೇ ಬರಬೇಕಿತ್ತು. ಧಾರವಾಡದ ಹೈಕೋರ್ಟ್ ಪೀಠ ಆಗಿನ್ನೂ ಬಂದಿರಲಿಲ್ಲ. ಇದನ್ನು ನೆನೆದರೆ ಆ ಒಂದು ಗಂಟೆಯ ಬೆಲೆ ಗೊತ್ತಾಗುತ್ತದೆ.

ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಹೈದರಾಬಾದ್–ವಿಜಯವಾಡ ಮಾರ್ಗದ ಉದ್ಘಾಟನೆಯ ದಿನ, ಗಣ್ಯರೆಲ್ಲ ಒಳಗೆ ಕೂತಿದ್ದಾಗ, ನೆಲದ ಮೇಲಿದ್ದ ವಿಮಾನದ ಎಂಜಿನ್‌ನಲ್ಲಿ ಬೆಂಕಿ ಕಾಣಿಸಿಕೊಂಡಿತು. ಎಲ್ಲರನ್ನೂ ಇಳಿಸಿದರು, ಯಾರ ಪ್ರಾಣಕ್ಕೂ ಕುತ್ತು ಬರಲಿಲ್ಲ. ಆದರೆ ಕ್ಯಾಮೆರಾಗಳ ಎದುರೇ ಆದದ್ದು. ಹೊಸ ಕಂಪನಿಯೊಂದು ಅಲ್ಲಿಗೇ ಮುಗಿಯಬಹುದಿತ್ತು. ಮುಗಿಯಲಿಲ್ಲ.

ಮೊದಲಿಗೆ ಜೆಟ್ ಬಿಟ್ಟು ಫ್ಯಾನ್ ಇರುವ ವಿಮಾನ ಯಾಕೆ ತಂದರು?

ಇಡೀ ಕಥೆಯ ಗಂಟು ಇರುವುದು ಇಲ್ಲೇ. ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಮೊದಲು ತಂದದ್ದು ಎಟಿಆರ್ 42. ಫ್ರಾನ್ಸ್ ಮತ್ತು ಇಟಲಿ ಕಂಪನಿಗಳು ಸೇರಿ ಮಾಡುವ ವಿಮಾನ. 48 ಸೀಟು. ರೆಕ್ಕೆ ಮೇಲ್ಗಡೆ, ಕಿಟಕಿಯ ತಲೆಯ ಮೇಲೆ. ಎರಡು ಕಡೆ ಎರಡು ದೊಡ್ಡ ಫ್ಯಾನ್. ವೇಗ ಜೆಟ್‌ಗಿಂತ ಕಡಿಮೆ, ಗಂಟೆಗೆ ಸುಮಾರು 500 ಕಿಲೋಮೀಟರ್. ಆದರೆ ಬೆಂಗಳೂರು–ಹುಬ್ಬಳ್ಳಿಯಂಥ ಗಿಡ್ಡ ದಾರಿಯಲ್ಲಿ ಜೆಟ್ ಹೋದರೂ ಉಳಿಯುವುದು ಹತ್ತು-ಹದಿನೈದು ನಿಮಿಷ. ಡೀಸೆಲ್ ಉಳಿಸಲು ಬಸ್ಸಿನವರು ನಿಧಾನ ಓಡಿಸುತ್ತಾರಲ್ಲ, ಅದೇ ಲೆಕ್ಕ.

ಈ ವಿಮಾನವನ್ನು ಹತ್ತಿರದಿಂದ ನೋಡಿದರೆ ಉಳಿತಾಯ ಕಣ್ಣಿಗೇ ಕಾಣುತ್ತದೆ. ಹತ್ತುವ ಬಾಗಿಲು ಹಿಂದೆ, ಬಾಲದ ಹತ್ತಿರ. ಬಾಗಿಲು ಕೆಳಕ್ಕೆ ಬಿಚ್ಚಿಕೊಂಡರೆ ಅದರ ಒಳಮೈಯೇ ಮೆಟ್ಟಿಲು. ಅಂದರೆ ಏಣಿ ಗಾಡಿ ಬೇಡ. ಟರ್ಮಿನಲ್‌ನಿಂದ ವಿಮಾನದ ಬಾಗಿಲಿಗೆ ಚಾಚುವ ಸೇತುವೆ, ಅಂದರೆ ಏರೋಬ್ರಿಡ್ಜ್, ಬೇಡ. ಜನ ಟರ್ಮಿನಲ್‌ನಿಂದ ನಡೆದುಕೊಂಡೇ ಬಂದು ಹತ್ತಬಹುದು. ಲಗೇಜು ಮುಂದುಗಡೆ, ಪೈಲಟ್‌ಗಳ ಬೆನ್ನ ಹಿಂದೆ. ವಿಮಾನ ನಿಂತಾಗ ಬಲಗಡೆ ಎಂಜಿನ್ನನ್ನು ಆರಿಸದೆ, ಅದರ ಫ್ಯಾನಿಗೆ ಮಾತ್ರ ಬ್ರೇಕ್ ಹಾಕಿ ಹಿಡಿದಿಡುತ್ತಾರೆ. ಎಂಜಿನ್ ಒಳಗೊಳಗೇ ಓಡುತ್ತಾ ಕರೆಂಟು, ಗಾಳಿ ಕೊಡುತ್ತದೆ. ಹಾಗಾಗಿ ಬಾಲದಲ್ಲಿ ಬೇರೆ ಚಿಕ್ಕ ಎಂಜಿನ್ ಬೇಕಾಗಿಲ್ಲ, ನೆಲದಿಂದ ಕರೆಂಟಿನ ಗಾಡಿ ಬರಲಿ ಅಂತ ಕಾಯಬೇಕಾಗಿಲ್ಲ. ಸಲಕರಣೆ ಇಲ್ಲದ ಚಿಕ್ಕ ಊರಿಗೆ ಹೇಳಿ ಮಾಡಿಸಿದ ವಿಮಾನ.

ಜೊತೆಗೆ ರನ್‌ವೇ. ಆಗಿನ ಹುಬ್ಬಳ್ಳಿ, ಬೆಳಗಾವಿ ರನ್‌ವೇಗಳು ಈಗಿನಷ್ಟು ಉದ್ದ ಇರಲಿಲ್ಲ. ಮಂಗಳೂರಿನ ಬಜ್ಪೆಯ ಹೊಸ ಉದ್ದ ರನ್‌ವೇ ಬಂದದ್ದು 2006ರಲ್ಲಿ. ಎಟಿಆರ್‌ಗೆ ಗಿಡ್ಡ ರನ್‌ವೇ ಸಾಕು.

ಕೊನೆಯದು ಸರ್ಕಾರದ ನಿಯಮ. 80ಕ್ಕಿಂತ ಕಡಿಮೆ ಸೀಟಿನ ವಿಮಾನಗಳಿಗೆ ಇಳಿಯುವ ಶುಲ್ಕ ಮಾಫಿ ಆಯಿತು. ಇಂಥ ಚಿಕ್ಕ ವಿಮಾನಗಳಿಗೆ ಹಾಕುವ ಇಂಧನದ ಮೇಲೆ ಮಾರಾಟ ತೆರಿಗೆ ಶೇಕಡಾ 4. ಜೆಟ್‌ಗಳಿಗೆ ಎಷ್ಟೋ ರಾಜ್ಯಗಳು ಶೇಕಡಾ 20ಕ್ಕಿಂತ ಜಾಸ್ತಿ ಹಾಕುತ್ತಿದ್ದವು. ವಿಮಾನ ಓಡಿಸುವ ಖರ್ಚಿನಲ್ಲಿ ದೊಡ್ಡ ಪಾಲು ಇಂಧನದ್ದೇ. ಅಲ್ಲಿ ಇಷ್ಟು ಉಳಿದರೆ ಚಿಕ್ಕ ಊರೂ ಗಿಟ್ಟುತ್ತದೆ.

ಬರೀ ಎಟಿಆರ್ ಇತ್ತಾ?

ಇಲ್ಲ. 2004ರಲ್ಲಿ 180 ಸೀಟಿನ ಏರ್‌ಬಸ್ ಎ320 ಬಂತು. ಆಮೇಲೆ 70ರ ಆಸುಪಾಸು ಸೀಟಿನ ಎಟಿಆರ್ 72 ಕೂಡ. ಉದ್ದ ದಾರಿಗೆ ಏರ್‌ಬಸ್, ಗಿಡ್ಡ ದಾರಿಗೆ ಎಟಿಆರ್. ಉಚ್ಛ್ರಾಯದ ದಿನಗಳಲ್ಲಿ ಎಲ್ಲ ಸೇರಿ ನಲವತ್ತಕ್ಕೂ ಹೆಚ್ಚು ವಿಮಾನ ಇದ್ದವು. ಎರಡು ಜಾತಿಯ ವಿಮಾನ ಅಂದರೆ ಎರಡು ಜಾತಿಯ ಪೈಲಟ್, ಎರಡು ಜಾತಿಯ ಬಿಡಿಭಾಗ, ಎರಡು ಜಾತಿಯ ಮೆಕ್ಯಾನಿಕ್. ಅಗ್ಗದ ಸಂಸ್ಥೆಗಳು ಸಾಮಾನ್ಯವಾಗಿ ಒಂದೇ ಮಾದರಿಗೆ ಅಂಟಿಕೊಳ್ಳುವುದು ಈ ಕಾರಣಕ್ಕೇ. ಡೆಕ್ಕನ್ ಆ ಪಾಠ ಮೀರಿತು. ಚಿಕ್ಕ ಊರು ಬಿಡಬಾರದು ಅಂದರೆ ಬೇರೆ ದಾರಿಯೂ ಇರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಟಿಕೆಟ್ ಅಷ್ಟು ಕಡಿಮೆಗೆ ಹೇಗೆ ಕೊಟ್ಟರು?

ಮೂರು-ನಾಲ್ಕು ಕಡೆಯಿಂದ ಕತ್ತರಿ ಹಾಕಿದರು.

ಮೊದಲನೆಯದು ಟಿಕೆಟ್ ಮಾರುವ ಖರ್ಚು. ಆಗ ವಿಮಾನದ ಟಿಕೆಟ್ ಅಂದರೆ ಕೆಂಪು ಕಾರ್ಬನ್ ಹಾಳೆಯ ಚಿಕ್ಕ ಪುಸ್ತಕ. ಏಜೆಂಟರ ಹತ್ತಿರ ಹೋಗಬೇಕು, ಅವರಿಗೆ ಕಮಿಷನ್. ಡೆಕ್ಕನ್ ಇಂಟರ್ನೆಟ್‌ನಲ್ಲಿ ಮಾರಿತು. ಮನೆಯಲ್ಲೋ ಸೈಬರ್ ಕೆಫೆಯಲ್ಲೋ ಬಿಳಿ ಹಾಳೆಯ ಮೇಲೆ ಪ್ರಿಂಟ್ ತೆಗೆದರೆ ಅದೇ ಟಿಕೆಟ್. ಕಾಲ್ ಸೆಂಟರಿಗೆ ಫೋನ್ ಮಾಡಿಯೂ ಬುಕ್ ಮಾಡಬಹುದಿತ್ತು. ಇಂಟರ್ನೆಟ್ ಇಲ್ಲದವರಿಗೆ ಪೆಟ್ರೋಲ್ ಬಂಕ್‌ಗಳಲ್ಲೂ ಟಿಕೆಟ್ ಸಿಗುವ ಹಾಗೆ ಮಾಡಿದರು. ವಿಮಾನದ ಟಿಕೆಟ್ ಬಂಕಿನಲ್ಲಿ ಸಿಗುವುದು ಆಗಿನ ಕಾಲಕ್ಕೆ ಸಣ್ಣ ಮಾತಲ್ಲ.

ಎರಡನೆಯದು ಒಳಗಿನ ಖರ್ಚು. ಪುಕ್ಕಟೆ ಊಟ ಇಲ್ಲ. ನೀರು, ತಿಂಡಿ ಬೇಕಾದರೆ ದುಡ್ಡು ಕೊಟ್ಟು ತಗೋಬೇಕು. ಬಿಸಿನೆಸ್ ಕ್ಲಾಸ್ ಇಲ್ಲ, ಆ ಜಾಗದಲ್ಲೂ ಸೀಟು. ಎ320ಯಲ್ಲಿ ಬೇರೆಯವರು ನೂರೈವತ್ತರ ಆಸುಪಾಸು ಸೀಟು ಇಟ್ಟರೆ ಡೆಕ್ಕನ್ 180 ಇಟ್ಟಿತು.

ಮೂರನೆಯದು ನೆಲದ ಮೇಲೆ ನಿಲ್ಲುವ ಹೊತ್ತು. ವಿಮಾನ ಲೀಸಿನದ್ದು. ಹಾರಿದರೂ ಬಾಡಿಗೆ, ನಿಂತರೂ ಬಾಡಿಗೆ. ಇಳಿದು ಅರ್ಧ ಗಂಟೆಯೊಳಗೆ ಮತ್ತೆ ಎದ್ದರೆ ದಿನಕ್ಕೆ ಒಂದೆರಡು ಟ್ರಿಪ್ ಜಾಸ್ತಿ ಸಿಗುತ್ತದೆ. ಊಟದ ಟ್ರೇ ತುಂಬಿಸುವ ಕೆಲಸ ಇಲ್ಲದಿರುವುದು ಇಲ್ಲೂ ಉಪಯೋಗಕ್ಕೆ ಬರುತ್ತದೆ.

ಇದಲ್ಲದೆ ವಿಮಾನದ ಹೊರಮೈಯನ್ನೇ ಜಾಹೀರಾತಿಗೆ ಬಾಡಿಗೆ ಕೊಟ್ಟರು. ನಮ್ಮ ಸಿಟಿ ಬಸ್ಸಿನ ಹಾಗೆ.

ಒಂದು ರೂಪಾಯಿ ಟಿಕೆಟ್ ನಿಜವಾಗಲೂ ಇತ್ತಾ?

ಇತ್ತು. ಅದು ಮೂಲ ದರ. ಅದರ ಮೇಲೆ ನಿಲ್ದಾಣದ ಶುಲ್ಕ, ತೆರಿಗೆ ಸೇರಿ ಇನ್ನೂರು ಚಿಲ್ಲರೆ ಆಗುತ್ತಿತ್ತು. ಆದರೂ ಬಸ್ಸಿಗಿಂತ ಕಡಿಮೆ.

ಒಂದು ವಿಮಾನದಲ್ಲಿ ಅಂಥ ಸೀಟು ಕೆಲವೇ ಕೆಲವು. ಲೆಕ್ಕ ಹೀಗೆ. ಉದಾಹರಣೆಗೆ 180 ಸೀಟು ಅಂದುಕೊಳ್ಳಿ. ಮೊದಲ ಹತ್ತು ಸೀಟು ಒಂದು ರೂಪಾಯಿಗೆ. ಆಮೇಲಿನ ಮೂವತ್ತು ಐನೂರಕ್ಕೆ. ಆಮೇಲಿನವು ಸಾವಿರ, ಎರಡು ಸಾವಿರ. ಕೊನೆಯ ದಿನ ಓಡಿ ಬರುವವನಿಗೆ ನಾಲ್ಕು ಸಾವಿರ. ಅವನಿಗೆ ಹೋಗಲೇಬೇಕು, ಕೊಡುತ್ತಾನೆ. ಮೂರು ತಿಂಗಳ ಮುಂಚೆ ಬುಕ್ ಮಾಡುವವನಿಗೆ ಆತುರ ಇಲ್ಲ. ದರ ಕಡಿಮೆ ಇಲ್ಲದಿದ್ದರೆ ಅವನು ವಿಮಾನಕ್ಕೇ ಬರುವುದಿಲ್ಲ. ಇಬ್ಬರನ್ನೂ ಒಂದೇ ವಿಮಾನಕ್ಕೆ ಹತ್ತಿಸುವುದೇ ಈ ವ್ಯಾಪಾರದ ಜಾಣ್ಮೆ. ಖಾಲಿ ಹೋಗುವ ಸೀಟು ಕೊಳೆತ ಟೊಮೆಟೊ ಇದ್ದ ಹಾಗೆ, ಮಾರನೇ ದಿನ ಮಾರೋಕೆ ಆಗಲ್ಲ.

ಈಗ ಎಲ್ಲ ಸಂಸ್ಥೆಗಳೂ ಮಾಡುವುದು ಇದನ್ನೇ. ಆಗ ಮಾತ್ರ ಪಕ್ಕದ ಸೀಟಿನವರು ಕೊಟ್ಟ ದರ ಕೇಳಿ ಜಗಳಕ್ಕೆ ನಿಲ್ಲುವವರಿದ್ದರು.

ಯಾವ ಯಾವ ಊರಿಗೆ ಹಾರುತ್ತಿತ್ತು?

ದೇಶದಲ್ಲಿ ಅರವತ್ತಕ್ಕೂ ಹೆಚ್ಚು ನಿಲ್ದಾಣಗಳಿಗೆ. ಖಾಸಗಿ ಸಂಸ್ಥೆಯೊಂದು ಅಷ್ಟು ಊರು ಮುಟ್ಟಿದ್ದು ಆಗ ದೊಡ್ಡ ಸಂಗತಿ. ಎಲ್ಲವನ್ನೂ ಇಲ್ಲಿ ಬರೆಯುವುದಿಲ್ಲ. ನಕ್ಷೆಯ ಆಕಾರ ಹೇಳುತ್ತೇನೆ.

ಮೊದಲು ದಕ್ಷಿಣ. ಬೆಂಗಳೂರನ್ನು ನಡುವೆ ಇಟ್ಟುಕೊಂಡು ಹುಬ್ಬಳ್ಳಿ, ಮಂಗಳೂರು, ಬೆಳಗಾವಿ, ಗೋವಾ, ಕೊಯಮತ್ತೂರು, ಕೊಚ್ಚಿ. ಚೆನ್ನೈಯಿಂದ ಮಧುರೈ. ಹೈದರಾಬಾದಿನಿಂದ ವಿಜಯವಾಡ, ರಾಜಮಂಡ್ರಿ, ತಿರುಪತಿ, ವಿಶಾಖಪಟ್ಟಣ. ಈ ಪಟ್ಟಿಯಲ್ಲಿರುವ ಊರುಗಳನ್ನು ಗಮನಿಸಿ. ಒಂದೊಂದೂ ವ್ಯಾಪಾರದ ಊರು, ಇಲ್ಲವೇ ಯಾತ್ರೆಯ ಊರು. ತಿರುಪತಿಗೆ ವರ್ಷ ಪೂರ್ತಿ ಜನ. ವಿಜಯವಾಡದವರಿಗೆ ಆಗ ಹೈದರಾಬಾದೇ ರಾಜಧಾನಿ, ದಿನಬೆಳಗಾದರೆ ಕೆಲಸ. ಹುಬ್ಬಳ್ಳಿಗೂ ಬೆಂಗಳೂರಿಗೂ ಅದೇ ನಂಟು. ಅಂದರೆ ಇವರು ಹೊಸ ಪ್ರಯಾಣಿಕರನ್ನು ಹುಟ್ಟಿಸಲಿಲ್ಲ. ರಾತ್ರಿ ರೈಲಿನಲ್ಲಿ ಆಗಲೇ ಹೋಗುತ್ತಿದ್ದವರನ್ನು ಗುರುತಿಸಿದರು.

ಪಶ್ಚಿಮಕ್ಕೆ ಮುಂಬೈಯಿಂದ ಕೊಲ್ಹಾಪುರ, ರಾಜ್‌ಕೋಟ್, ಕಾಂಡ್ಲಾ ಕಡೆ. ಉತ್ತರದಲ್ಲಿ ದೆಹಲಿಯಿಂದ ಡೆಹ್ರಾಡೂನ್, ಶಿಮ್ಲಾ, ಕುಲ್ಲು, ಪಠಾಣ್‌ಕೋಟ್. ಶಿಮ್ಲಾ, ಕುಲ್ಲು ಎರಡೂ ಬೆಟ್ಟದ ಗಿಡ್ಡ ರನ್‌ವೇಗಳು, ದೊಡ್ಡ ಜೆಟ್ ಇಳಿಯಲು ಆಗದ ಜಾಗ. ಪೂರ್ವಕ್ಕೆ ಕೋಲ್ಕತಾ, ಅಲ್ಲಿಂದ ಗುವಾಹಟಿ ಮತ್ತು ಈಶಾನ್ಯ. ಸಮುದ್ರ ದಾಟಿ ಪೋರ್ಟ್ ಬ್ಲೇರ್‌ಗೂ ಹೋಗುತ್ತಿತ್ತು. ಹಡಗಿನಲ್ಲಿ ಮೂರು ದಿನದ ದಾರಿ ಅದು.

ಇದರ ಮೇಲೆ ಏರ್‌ಬಸ್‌ನ ದೊಡ್ಡ ಗೆರೆಗಳು: ಬೆಂಗಳೂರು, ದೆಹಲಿ, ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತಾ. ದುಡ್ಡು ಬರುತ್ತಿದ್ದದ್ದೂ ಇಲ್ಲೇ, ಪೈಪೋಟಿ ಕುತ್ತಿಗೆಗೆ ಬಂದದ್ದೂ ಇಲ್ಲೇ.

ಬೆಂಗಳೂರಿನಲ್ಲಿ ಇಳಿದು ಇನ್ನೊಂದು ವಿಮಾನ ಹಿಡಿಯಬಹುದಿತ್ತಾ?

ಹಿಡಿಯಬಹುದಿತ್ತು, ಆದರೆ ಅದು ನಿಮ್ಮ ಜವಾಬ್ದಾರಿ. ಆಗಿನ ಅಗ್ಗದ ಸಂಸ್ಥೆಗಳ ಲೆಕ್ಕದಲ್ಲಿ ಪ್ರತಿ ಹಾರಾಟವೂ ಒಂದು ಬೇರೆ ಟಿಕೆಟ್. ಲಗೇಜನ್ನು ಇಳಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕು. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಟಿಕೆಟ್ ಹೋಯಿತು. ಹಾಗಾಗಿ ಗೊತ್ತಿದ್ದವರು ನಡುವೆ ನಾಲ್ಕೈದು ಗಂಟೆ ಬಿಡುತ್ತಿದ್ದರು.

ಚಿಕ್ಕ ಊರಿಗೆ ಹಾರಲೇಬೇಕು ಅಂತ ನಿಯಮ ಇದೆಯಂತಲ್ಲ?

ಇದೆ, 1994ರಿಂದ. ಅದಕ್ಕೂ ಮುಂಚೆ 1953ರ ಕಾನೂನಿನ ಪ್ರಕಾರ ದೇಶದೊಳಗಿನ ವಿಮಾನಯಾನ ಸರ್ಕಾರದ್ದೇ ಆಗಿತ್ತು. 1994ರಲ್ಲಿ ಆ ಕಾನೂನು ಹೋಯಿತು, ಖಾಸಗಿಯವರಿಗೆ ಬಾಗಿಲು ತೆರೆಯಿತು. ಅವರೆಲ್ಲ ಮುಂಬೈ–ದೆಹಲಿ ಮೇಲೆ ಮುಗಿಬೀಳಬಾರದು ಅಂತ ಮಾರ್ಗಗಳನ್ನು ವರ್ಗಗಳಾಗಿ ವಿಂಗಡಿಸಿದರು. ಮೊದಲ ವರ್ಗ ದೊಡ್ಡ ನಗರಗಳ ಮಾರ್ಗ. ಅಲ್ಲಿ ಎಷ್ಟು ಹಾರುತ್ತೀರೋ ಅದರ ಶೇಕಡಾ 10ರಷ್ಟನ್ನಾದರೂ ಈಶಾನ್ಯ, ಜಮ್ಮು-ಕಾಶ್ಮೀರ, ಅಂಡಮಾನ್, ಲಕ್ಷದ್ವೀಪದ ಕಡೆ ಹಾರಬೇಕು. ಉಳಿದ ಊರುಗಳ ಕಡೆ ಆಗ ಶೇಕಡಾ 50ರಷ್ಟು ಹಾರಬೇಕಿತ್ತು. ಬೇರೆಯವರು ಇದನ್ನು ದಂಡ ಕಟ್ಟಿದ ಹಾಗೆ ಮಾಡುತ್ತಿದ್ದರು. ಡೆಕ್ಕನ್ ಶುರುವಾದದ್ದೇ ಆ ಊರುಗಳಿಂದ.

ಸೀಟ್ ನಂಬರ್ ಇರಲಿಲ್ಲವಂತೆ?

ಹೌದು. ಮೊದಲು ಹತ್ತಿದವರಿಗೆ ಬೇಕಾದ ಸೀಟು. ಹಾಗಾಗಿ ಗೇಟ್ ತೆರೆದ ಕೂಡಲೇ ಜನ ಬಿರುಸಾಗಿ ನಡೆಯುತ್ತಿದ್ದರು. ಕಿಟಕಿಯ ಮೂಲಕ ಕರ್ಚೀಫ್ ಹಾಕಿ ಸೀಟು ಹಿಡಿದು ಅಭ್ಯಾಸ ಇದ್ದ ನಮ್ಮವರಿಗೆ ಇದು ಕಷ್ಟ ಆಗಲಿಲ್ಲ.

ನನ್ನ ಕಣ್ಣಿಗೆ ಕಟ್ಟಿದ ಹಾಗಿರುವುದು ಬೇರೆ. ವಯಸ್ಸಾದ ಒಬ್ಬರು ಅಜ್ಜಿ ಎಟಿಆರ್‌ನ ಮೆಟ್ಟಿಲ ಹತ್ತಿರ ಬಂದವರು ಚಪ್ಪಲಿ ಬಿಟ್ಟು, ಮೊದಲ ಮೆಟ್ಟಿಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಹತ್ತಿದರು. ಗಗನಸಖಿ ಹುಡುಗಿ ತಡೆಯಲಿಲ್ಲ, ನಗಲೂ ಇಲ್ಲ. ಕೈ ಹಿಡಿದು ಒಳಗೆ ಕೂರಿಸಿ, ಬಗ್ಗಿ ಚಪ್ಪಲಿಯನ್ನು ಸೀಟಿನ ಕೆಳಗಿಟ್ಟು, ಬೆಲ್ಟ್ ಹಾಕಿದಳು. ಪ್ರತಿಯೊಬ್ಬ ಭಾರತೀಯನೂ ಒಂದು ಸಲವಾದರೂ ಹಾರಬೇಕು ಅಂತ ಗೋಪಿನಾಥ್ ಹೇಳುತ್ತಿದ್ದರು. ಆ ಮಾತು ಕೇಳಿದಾಗೆಲ್ಲ ನನಗೆ ಆ ಚಪ್ಪಲಿ ನೆನಪಾಗುತ್ತದೆ.

ಅದರ ಗುರುತು ಯಾವುದಿತ್ತು?

ಎರಡು ಅಂಗೈ ಸೇರಿ ಹಕ್ಕಿಯ ಹಾಗೆ ಕಾಣುವ ಚಿತ್ರ. ಜೊತೆಗೆ ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ, ಅದೇ ಚೌಕಳಿ ಕೋಟಿನ ಮನುಷ್ಯ, ಸಂಸ್ಥೆಯ ಮುಖ ಆಗಿದ್ದ. ಮೈಸೂರಿನ ಲಕ್ಷ್ಮಣ್, ಗೊರೂರಿನ ಗೋಪಿನಾಥ್. ನಮಗೆ ಖುಷಿ ಕೊಡುವ ಜೋಡಿ, ಅಲ್ವಾ?

ತುಂಬಾ ತಡ ಆಗುತ್ತಿತ್ತು ಅಂತಾರೆ. ಯಾಕೆ?

ತಡ ಆಗುತ್ತಿತ್ತು, ರದ್ದೂ ಆಗುತ್ತಿತ್ತು. ಆಗಿನ ಪತ್ರಿಕೆಗಳಲ್ಲಿ ಈ ದೂರು ಸಾಮಾನ್ಯ. ಒಂದು ವಿಮಾನ ದಿನಕ್ಕೆ ಆರೇಳು ಸಲ ಏರಿ ಇಳಿಯುತ್ತದೆ. ಬೆಳಿಗ್ಗೆ ಮಂಜಿಗೆ ಅರ್ಧ ಗಂಟೆ ತಡವಾದರೆ ಸಂಜೆಗೆ ಅದು ಎರಡು ಗಂಟೆ. ಪಕ್ಕದಲ್ಲಿ ಸುಮ್ನೆ ನಿಲ್ಲಿಸಿದ ಇನ್ನೊಂದು ವಿಮಾನ ಇರುವುದಿಲ್ಲ, ಇದ್ದರೆ ಅದು ಅಗ್ಗದ ಸಂಸ್ಥೆಯೇ ಅಲ್ಲ. ಕೆಟ್ಟರೆ ಮೆಕ್ಯಾನಿಕ್, ಬಿಡಿಭಾಗ ದೊಡ್ಡ ಊರಿನಿಂದ ಬರಬೇಕು. ಅದರ ಮೇಲೆ ಇವರು ಬೆಳೆದ ವೇಗ. ನಾಲ್ಕು ವರ್ಷಕ್ಕೆ ನಲವತ್ತು ವಿಮಾನ. ಪೈಲಟ್ ಸಾಲದು, ಬೆಂಗಳೂರು, ಮುಂಬೈ ನಿಲ್ದಾಣಗಳಲ್ಲಿ ಜಾಗ ಸಾಲದು. ಸಿಟ್ಟಾದ ಪ್ರಯಾಣಿಕರದ್ದು ತಪ್ಪಲ್ಲ. ಮದುವೆಗೆ ಹೊರಟವನಿಗೆ ಲೀಸಿನ ಲೆಕ್ಕ ಹೇಳಿದರೆ ಪ್ರಯೋಜನ ಇಲ್ಲ.

ವಿದೇಶಕ್ಕೆ ಯಾಕೆ ಹಾರಲಿಲ್ಲ?

ನಿಯಮ ಬಿಡಲಿಲ್ಲ. ದೇಶದೊಳಗೆ ಐದು ವರ್ಷ ಹಾರಿರಬೇಕು, 20 ವಿಮಾನ ಇರಬೇಕು ಅಂತ 2004ರ ಕೊನೆಗೆ ಷರತ್ತು ಬಂತು. ಡೆಕ್ಕನ್‌ಗೆ ಐದು ವರ್ಷ ತುಂಬುವುದು 2008ರ ಆಗಸ್ಟ್‌ಗೆ. ಆ ಐದು ವರ್ಷದ ಹಿರಿತನವೇ ಮುಂದೆ ಅದನ್ನು ಕೊಂಡವರಿಗೆ ಬೇಕಾಗಿತ್ತು. ಐದು ವರ್ಷದ ಷರತ್ತು 2016ರಲ್ಲಿ ಹೋಯಿತು.

ಅಷ್ಟು ಜನ ಹತ್ತುತ್ತಿದ್ದರೆ ಮಾರಿದ್ದು ಯಾಕೆ?

ಜನ ಇದ್ದರು, ಲಾಭ ಇರಲಿಲ್ಲ. 2005ರಲ್ಲಿ ಕಿಂಗ್‌ಫಿಷರ್, ಸ್ಪೈಸ್‌ಜೆಟ್, ಗೋಏರ್ ಬಂದವು. 2006ರ ಆಗಸ್ಟ್‌ನಲ್ಲಿ ಇಂಡಿಗೋ. ಎಲ್ಲರೂ ದೊಡ್ಡ ಮಾರ್ಗಗಳಲ್ಲೇ ದರ ಇಳಿಸಿದರು. ಏರ್‌ಬಸ್‌ನಿಂದ ಬಂದ ದುಡ್ಡು ಎಟಿಆರ್‌ನ ಹೊಸ ಊರುಗಳನ್ನು ಸಾಕಬೇಕಿತ್ತು, ಆ ದುಡ್ಡೇ ಬತ್ತಿತು. ಹೊಸ ಊರಿನಲ್ಲಿ ವಿಮಾನ ತುಂಬಲು ಆರು ತಿಂಗಳೋ ವರ್ಷವೋ ಕಾಯಬೇಕು. ಕಾಯಲು ಬಂಡವಾಳ ಬೇಕು. 2006ರಲ್ಲಿ ಷೇರು ಮಾರುಕಟ್ಟೆಗೆ ಹೋದರು. ಹೋದದ್ದು ಮಾರುಕಟ್ಟೆ ಕುಸಿಯುತ್ತಿದ್ದ ವಾರಗಳಲ್ಲಿ. ಅರ್ಜಿಯ ಗಡುವು ಮುಂದೂಡಿ, ದರ ಇಳಿಸಿ ಹೇಗೋ ದಾಟಿದರು. ಷೇರು ಮೊದಲ ದಿನವೇ ಕೊಟ್ಟ ಬೆಲೆಗಿಂತ ಕೆಳಗೆ ಬಿತ್ತು.

2007ರ ಮಧ್ಯದಲ್ಲಿ, ಕಿಂಗ್‌ಫಿಷರ್‌ನ ಒಡೆಯ ವಿಜಯ್ ಮಲ್ಯ ಅವರ ಯು.ಬಿ. ಗುಂಪು ಸುಮಾರು 550 ಕೋಟಿ ರೂಪಾಯಿಗೆ ಶೇಕಡಾ 26 ಪಾಲು ಕೊಂಡಿತು.

ಸಿಂಪ್ಲಿಫ್ಲೈ ಡೆಕ್ಕನ್, ಕಿಂಗ್‌ಫಿಷರ್ ರೆಡ್ ಅಂದರೆ ಇದೇನಾ?

ಇದೇ. 2007ರಲ್ಲಿ ಸಿಂಪ್ಲಿಫ್ಲೈ ಡೆಕ್ಕನ್ ಆಯಿತು. 2008ರ ಆಗಸ್ಟ್‌ನಲ್ಲಿ ಕಿಂಗ್‌ಫಿಷರ್ ರೆಡ್. ಕಾಗದದ ಮೇಲೆ ಕಿಂಗ್‌ಫಿಷರ್ ಬಂದು ಡೆಕ್ಕನ್ ಒಳಗೆ ಸೇರಿತು, ಆಮೇಲೆ ಕಂಪನಿಯ ಹೆಸರು ಕಿಂಗ್‌ಫಿಷರ್ ಎಂದು ಬದಲಾಯಿತು. ಐದು ವರ್ಷದ ಲೆಕ್ಕ ಹಾಗೆ ಸಿಕ್ಕಿತು. 2008ರ ಸೆಪ್ಟೆಂಬರ್ 3ರಂದು ಬೆಂಗಳೂರು–ಲಂಡನ್ ಹಾರಾಟ ಶುರುವಾಯಿತು.

ಅದೇ ವರ್ಷ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತ್ತು. ದುಬಾರಿ ಸಂಸ್ಥೆ, ಅಗ್ಗದ ಸಂಸ್ಥೆ ಎರಡೂ ಒಂದೇ ಚಪ್ಪರದಡಿ. ಕೆಂಪು ಬಣ್ಣದ ವಿಮಾನ ಕಂಡರೆ ಜನರಿಗೆ ಇದು ಊಟ ಕೊಡುವ ಕಿಂಗ್‌ಫಿಷರೋ ಕೊಡದ ಕಿಂಗ್‌ಫಿಷರೋ ತಿಳಿಯುತ್ತಿರಲಿಲ್ಲ. ಚಿಕ್ಕ ಊರುಗಳ ಗೆರೆಗಳು ಒಂದೊಂದಾಗಿ ಅಳಿಸಿಹೋದವು. 2011ರ ಸೆಪ್ಟೆಂಬರ್‌ನಲ್ಲಿ ರೆಡ್ ಮುಚ್ಚುವುದಾಗಿ ಹೇಳಿದರು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಕೂಡ ನಿಂತಿತು.

ಡೆಕ್ಕನ್ 360 ಯಾವುದು?

ಗೋಪಿನಾಥ್ ಅವರದ್ದೇ ಇನ್ನೊಂದು ಪ್ರಯತ್ನ, 2009ರದ್ದು. ನಾಗಪುರವನ್ನು ನಡುವೆ ಇಟ್ಟುಕೊಂಡು ಸರಕು ಸಾಗಿಸುವ ಸಂಸ್ಥೆ. ಹೆಚ್ಚು ದಿನ ನಡೆಯಲಿಲ್ಲ.

2017ರಲ್ಲಿ ಮತ್ತೆ ಬಂದದ್ದು ಹೇಗೆ?

ಕೇಂದ್ರದ ಉಡಾನ್ ಯೋಜನೆಯಡಿ. ಚಿಕ್ಕ ಊರಿನ ಮಾರ್ಗಕ್ಕೆ ಅರ್ಧದಷ್ಟು ಸೀಟಿನ ದರವನ್ನು ಒಂದು ಗಂಟೆಯ ಹಾರಾಟಕ್ಕೆ 2500 ರೂಪಾಯಿಯ ಆಸುಪಾಸಿಗೆ ಕಟ್ಟಿಹಾಕಿ, ಕಡಿಮೆ ಬಿದ್ದ ದುಡ್ಡನ್ನು ಸರ್ಕಾರ ತುಂಬಿಕೊಡುವ ಯೋಜನೆ ಅದು. 2017ರ ಡಿಸೆಂಬರ್‌ನಲ್ಲಿ ಹೊಸ ಏರ್ ಡೆಕ್ಕನ್ ಮುಂಬೈ–ಜಳಗಾಂವ ನಡುವೆ ಹಾರಿತು. 19 ಸೀಟಿನ ಬೀಚ್‌ಕ್ರಾಫ್ಟ್ ವಿಮಾನ. ನಾಸಿಕ್, ಪುಣೆ, ಆಮೇಲೆ ಶಿಲ್ಲಾಂಗ್ ಕಡೆಗೂ ಹೋಯಿತು. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ಹೊತ್ತಿಗೆ ಹಾರಾಟ ನಿಲ್ಲಿಸಿತು.

ಡೆಕ್ಕನ್ ಹಾರುತ್ತಿದ್ದ ನಮ್ಮ ಊರುಗಳಿಗೆ ಈಗ ವಿಮಾನ ಇದೆಯಾ?

ಇದೆ, ಆದರೆ ನಡುವೆ ಖಾಲಿ ವರ್ಷಗಳು ಹೋದವು. ಹುಬ್ಬಳ್ಳಿಗೆ ಉದ್ದ ರನ್‌ವೇ, ಹೊಸ ಟರ್ಮಿನಲ್ ಬಂತು, ಈಗ ಜೆಟ್‌ಗಳೂ ಇಳಿಯುತ್ತವೆ. ಬೆಳಗಾವಿಯ ಸಾಂಬ್ರಾದಿಂದಲೂ ವಿಮಾನ ಇವೆ. ಸ್ಟಾರ್ ಏರ್ 2019ರ ಜನವರಿಯಲ್ಲಿ ಶುರುವಾದಾಗ ಅದರ ಮೊದಲ ಮಾರ್ಗದಲ್ಲೂ ಹುಬ್ಬಳ್ಳಿ ಇತ್ತು. ಡೆಕ್ಕನ್ ಮುಟ್ಟದ ಊರುಗಳೂ ಸೇರಿದವು. 2019ರಲ್ಲಿ ಕಲಬುರಗಿ, 2020ರಲ್ಲಿ ಬೀದರ್, 2023ರಲ್ಲಿ ಶಿವಮೊಗ್ಗ.

ಶಿವಮೊಗ್ಗಕ್ಕೆ 2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂತು. ಅದು ಇಂಡಿಗೋದ ಎಟಿಆರ್. ರೆಕ್ಕೆ ಮೇಲೆ, ಫ್ಯಾನ್ ಎರಡು, ಜನ ಇಳಿದದ್ದು ಹಿಂದಿನ ಬಾಗಿಲಿಂದ.